ಮುಳ್ಳಿಗೇನು ಗೊತ್ತು ಬೈಕಿನ ಬೆಲೆ

ಶನಿವಾರ ಬೆಳಗಾದರೆ ಸಾಕು, ಹುನಗುಂದದ ಹೆದ್ದಾರಿ ಬದಿಯ ಚಹಾದಂಗಡಿ ಮುಂದೆ ಅವರು ಬಂದಿಳಿಯುತ್ತಾರೆ. ಮೊಣಕಾಲಿಗೆ ಕವಚ, ಮೊಣಕೈಗೆ ಕವಚ, ಎದೆಗೊಂದು, ಬೆನ್ನಿಗೊಂದು. ಹೆಲ್ಮೆಟ್ಟಿಗೆ ಕೊಕ್ಕು, ಕೊಕ್ಕಿನ ಪಕ್ಕದಲ್ಲೊಂದು ಕ್ಯಾಮೆರಾ. ಒಬ್ಬರದು ಹಿಮಾಲಯನ್, ಇನ್ನೊಬ್ಬರದು ಎಕ್ಸ್‌ಪಲ್ಸ್. ಕಟ್ಟೆಯ ಮೇಲೆ ಬಸಿ ಚಹಾ ಹೀರುತ್ತ ಕೂತ ಕಾಕಾ ಅವರನ್ನು ಮೇಲಿಂದ ಕೆಳಗೆ ಒಮ್ಮೆ, ಕೆಳಗಿಂದ ಮೇಲೆ ಒಮ್ಮೆ ನೋಡುತ್ತಾನೆ.

“ಎಲ್ಲಿಗ್ರೀ ತಮ್ಮಾರ? ದಂಡಿಗೆ ಹೊಂಟೀರೇನು?”

“ಇಲ್ಲ ಅಂಕಲ್, ಆಫ್‌ರೋಡಿಂಗ್.”

“ಅಂದ್ರ?”

“ರೋಡ್ ಬಿಟ್ಟು ಹೊಲ, ಗುಡ್ಡ, ಹಳ್ಳ ಅಂತ ಓಡಿಸೋದು.”

“ಹೊಲ ಯಾರದು?”

ಈ ಪ್ರಶ್ನೆಗೆ ಯಾವ ಶೋರೂಮಿನಲ್ಲೂ ಉತ್ತರ ಕೊಟ್ಟು ಕಳಿಸಿರುವುದಿಲ್ಲ. ಕಾಕಾ ಎದ್ದು ತನ್ನ ಟಿವಿಎಸ್ ಎಕ್ಸೆಲ್ ಏರುತ್ತಾನೆ. ಮುಂದೆ ಒಂದು ಚೀಲ ಗೊಬ್ಬರ, ಹಿಂದೆ ಮೇವಿನ ಹೊರೆ, ಹೊರೆಯ ಮೇಲೊಂದು ಕುಡಗೋಲು. ಕವಚ ಏನೂ ಇಲ್ಲ, ತಲೆಗೆ ಒಂದು ಟವೆಲ್ಲು. ಹೆದ್ದಾರಿಯಿಂದ ಸೀದಾ ಒಡ್ಡಿಗೆ ಇಳಿದು, ಒಡ್ಡಿನಿಂದ ಹೊಲಕ್ಕೆ ಇಳಿದು ಕಣ್ಮರೆ. ಇತ್ತ ನಮ್ಮ ವೀರರು ಕ್ಯಾಮೆರಾದ ಗುಂಡಿ ಒತ್ತಿ ಹೊರಡುತ್ತಾರೆ. ಮಧ್ಯಾಹ್ನದ ಹೊತ್ತಿಗೆ ನೋಡಿ: ಕಾಕಾ ಮನೆಯಲ್ಲಿ ರೊಟ್ಟಿ ತಿಂದು ಅಡ್ಡಾಗಿರುತ್ತಾನೆ, ಮೂರು ಲಕ್ಷದ ಗಾಡಿಯವರು ಬೇವಿನ ಮರದ ಕೆಳಗೆ ಹಿಂದಿನ ಗಾಲಿ ಬಿಚ್ಚಿಕೊಂಡು ಕೂತಿರುತ್ತಾರೆ. ಕಾರಣ ಹೊಲಿಗೆ ಸೂಜಿಯಷ್ಟು ದಪ್ಪವೂ ಇಲ್ಲದ ಒಂದು ಜಾಲಿಮುಳ್ಳು.

“ನಿಮ್ಮ ಕಡೆ ಮುಳ್ಳು ಭಾಳ” ಎಂದು ನಮ್ಮನ್ನೇ ಬೈದು ಹೋಗುತ್ತಾರೆ. ಮುಳ್ಳು ಭಾಳ, ಖರೆ. ಆದರೆ ಆ ಮುಳ್ಳಿನ ನಡುವೆಯೇ ಕಾಕಾನ ಎಕ್ಸೆಲ್ ದಿನಾ ಓಡಾಡುತ್ತದಲ್ಲ? ಪಂಚರ್ ಹಣೆಬರಹವಲ್ಲ ಸ್ವಾಮಿ. ಅದಕ್ಕೆ ಋತು ಇದೆ, ಮಣ್ಣು ಇದೆ, ಸಮಯ ಇದೆ. ಅಷ್ಟು ತಿಳಿಯದವನು ಟೈರಿಗೆ ಏನು ಸುರಿದರೂ ಅಷ್ಟೇ.

ಮೊದಲು ಒಂದು ಅನುಮಾನ ಬಗೆಹರಿಸಿಕೊಳ್ಳೋಣ. ಈಗ ಸ್ಕೂಟಿಗೂ ಟ್ಯೂಬ್‌ಲೆಸ್ ಟೈರು ಬಂದಿರುವಾಗ ಗುಡ್ಡ ಹತ್ತುವ ಗಾಡಿಗೆ ಮಾತ್ರ ಯಾಕೆ ಹಳೇ ಕಾಲದ ಟ್ಯೂಬು? ಕಾರಣ ಅರೆಕಡ್ಡಿ. ಅಲಾಯ್ ಗಾಲಿ ಕಲ್ಲಿಗೆ ಬಡಿದರೆ ಬಿರುಕು ಬಿಡಬಹುದು. ಕಡ್ಡಿ ಗಾಲಿ ಸ್ವಲ್ಪ ಬಾಗಿ ಪೆಟ್ಟು ನುಂಗುತ್ತದೆ, ಸೊಟ್ಟಾದರೆ ಹಳ್ಳಿಯ ಸೈಕಲ್ ಅಂಗಡಿಯವನೂ ಕಡ್ಡಿ ಬಿಗಿದು ನೆಟ್ಟಗೆ ಮಾಡುತ್ತಾನೆ. ಆದರೆ ಕಡ್ಡಿ ಕೂರಿಸಲು ರಿಮ್ಮಿಗೆ ತೂತು ಬೇಕು, ತೂತಿದ್ದಲ್ಲಿ ಗಾಳಿ ನಿಲ್ಲುವುದಿಲ್ಲ, ಗಾಳಿ ನಿಲ್ಲಬೇಕೆಂದರೆ ಟ್ಯೂಬು ಬೇಕು. ತೂತು ಮುಚ್ಚಿದ ಟ್ಯೂಬ್‌ಲೆಸ್ ಕಡ್ಡಿಗಾಲಿಗಳೂ ಬಂದಿವೆ, ಅವುಗಳ ರೇಟು ಕೇಳಿದವರು ಟ್ಯೂಬೇ ಒಳ್ಳೆಯದು ಎಂದು ವಾಪಸ್ ಬರುತ್ತಾರೆ. ಟ್ಯೂಬ್‌ಲೆಸ್‌ನಲ್ಲಿ ಮುಳ್ಳು ಚುಚ್ಚಿಕೊಂಡರೂ ಗಾಳಿ ಗಂಟೆಗಟ್ಟಲೆ ನಿಧಾನವಾಗಿ ಇಳಿಯುತ್ತದೆ. ಟ್ಯೂಬಿಗೆ ಅಷ್ಟು ಸಂಯಮ ಇಲ್ಲ, ಕೂಡಲೇ ಕೈಬಿಡುತ್ತದೆ.

ಈಗ ನಮ್ಮ ಬಾಗಲಕೋಟೆ ಜಿಲ್ಲೆಯಲ್ಲಿ ತಾಲ್ಲೂಕುವಾರು ವಿಚಾರಣೆ ನಡೆಸೋಣ.

ಹುನಗುಂದದ ಸೀಮೆ ಎರೆ ಮಣ್ಣಿನದು. ಇಲ್ಲಿನ ಮೊದಲ ಆರೋಪಿ ಬಳ್ಳಾರಿ ಜಾಲಿ. ಮೆಕ್ಸಿಕೋ, ದಕ್ಷಿಣ ಅಮೆರಿಕದ ಕಡೆಯ ಈ ಮರ 19ನೇ ಶತಮಾನದಲ್ಲಿ ಭಾರತಕ್ಕೆ ಬಂತು. ಬಂದದ್ದು ಹಳ್ಳ, ಒಡ್ಡು, ಗೋಮಾಳ ಯಾವುದನ್ನೂ ಬಿಡಲಿಲ್ಲ. ಎರಡನೆಯ ಆರೋಪಿ ನೆಗ್ಗಿಲು. ನೆಲಕ್ಕಂಟಿ ಹಬ್ಬುವ, ಹಳದಿ ಹೂವಿನ, ಆಯುರ್ವೇದದವರು ಗೋಕ್ಷುರ ಎಂದು ಗೌರವದಿಂದ ಕರೆಯುವ ಬಳ್ಳಿ. ಅದರ ಕಾಯಿ ಒಣಗಿ ಒಡೆದರೆ ಒಂದೊಂದು ಚೂರಿಗೂ ಗಟ್ಟಿ ಮುಳ್ಳು. ಹೇಗೆ ಬಿದ್ದರೂ ಒಂದು ಮುಳ್ಳು ಆಕಾಶ ನೋಡುತ್ತಲೇ ಇರುತ್ತದೆ. ಈ ನೆಗ್ಗಿಲು ನಮ್ಮ ಕಡೆಯ ಖಂಡಗಳಿಂದ ಹಡಗು ಹತ್ತಿ ಅಮೆರಿಕಕ್ಕೆ ಹೋಗಿ, ಇವತ್ತು ಕ್ಯಾಲಿಫೋರ್ನಿಯಾದ ಸೈಕಲ್ ಸವಾರರು ಹಿಡಿಶಾಪ ಹಾಕುವಷ್ಟು ಬೆಳೆದಿದೆ. ಅವರು ಜಾಲಿ ಕಳಿಸಿದರು, ನಾವು ನೆಗ್ಗಿಲು ಕಳಿಸಿದೆವು. ಲೆಕ್ಕ ಚುಕ್ತಾ.

ಆದರೆ ಮರದಲ್ಲಿರುವ ಮುಳ್ಳು ಯಾರನ್ನೂ ಪಂಚರ್ ಮಾಡುವುದಿಲ್ಲ. ಅದು ದಾರಿಗೆ ಬರುವುದು ಯಾವಾಗ ಎಂಬುದೇ ಗುಟ್ಟು. ರೋಹಿಣಿ ಮಳೆಗೆ ಮುಂಚೆ ರೈತರು ಬೇಲಿ ಸರಿ ಮಾಡಿಕೊಳ್ಳುತ್ತಾರೆ. ಜಾಲಿ ಕಡಿದು, ಟೊಂಗೆಗಳನ್ನು ಹಗ್ಗ ಕಟ್ಟಿ ದಾರಿಗುಂಟ ಎಳೆದೊಯ್ಯುತ್ತಾರೆ. ಹೊರೆ ಹೋದ ದಾರಿಯಲ್ಲೆಲ್ಲ ಮುಳ್ಳು ಉದುರಿರುತ್ತದೆ. ಮಿರಗದ ಮಳೆ ಒಂದು ಹದ ಬಿದ್ದರೆ ಮುಗಿಯಿತು: ಒದ್ದೆ ರಬ್ಬರು ಒಣ ರಬ್ಬರಿಗಿಂತ ಸಲೀಸಾಗಿ ಕುಯ್ಯಿಸಿಕೊಳ್ಳುತ್ತದೆ, ನೀರೇ ಮುಳ್ಳಿಗೆ ಎಣ್ಣೆಯ ಕೆಲಸ ಮಾಡಿಕೊಡುತ್ತದೆ. ಮಣ್ಣಿನ ವಾಸನೆ ಹೀರಲೆಂದು ಮೊದಲ ಮಳೆಗೇ ಬೈಕು ತೆಗೆಯುವ ರಸಿಕರು ಇದನ್ನು ಗಮನಿಸತಕ್ಕದ್ದು.

ಇನ್ನು ಸುಗ್ಗಿ ಮುಗಿದ ಮೇಲೆ, ಪುಷ್ಯ ಮಾಘದ ಹೊತ್ತಿಗೆ, ಹೊಲಗಳು ಬರಿದಾಗಿ ಕಂಡು “ಆಹಾ, ಖಾಲಿ ಮೈದಾನ!” ಎಂದು ಗಾಡಿ ಇಳಿಸುವವರಿದ್ದಾರೆ. ಅದು ಮೈದಾನವಲ್ಲ, ತೊಗರಿ ಕೊಯ್ದ ಹೊಲ. ಕುಡಗೋಲಿನಿಂದ ಓರೆಯಾಗಿ ಕೊಯ್ದ ತೊಗರಿ ಕೂಳೆ ಬಿಸಿಲಿಗೆ ಒಣಗಿ ನೆಲದಿಂದ ಗೇಣುದ್ದ ಮೇಲೆದ್ದು ನಿಂತಿರುತ್ತದೆ. ಟ್ರ್ಯಾಕ್ಟರಿನ ಟೈರಿಗೇ ಬಿಡದ ಕೂಳೆ ನಿಮ್ಮ ಬೈಕಿಗೆ ಬಿಡುತ್ತದೆಯೇ? ಹತ್ತಿ ಹೊಲದ ಕಟ್ಟಿಗೆಯೂ ಅದೇ ಜಾತಿ. ಜೋಳದ ಕೂಳೆ ಮೆದು, ಪಾಪದ್ದು. ಹೊಲ ಯಾರದು ಎಂಬ ಕಾಕಾನ ಪ್ರಶ್ನೆಗೆ ಉತ್ತರ ಗೊತ್ತಿಲ್ಲದಿದ್ದರೂ ಬೆಳೆ ಯಾವುದಿತ್ತು ಎಂಬುದಾದರೂ ಗೊತ್ತಿರಬೇಕು.

ಇಷ್ಟೆಲ್ಲ ಆಗಿಯೂ ಪಂಚರ್ ಆಯಿತೆನ್ನಿ. ಆಗ ಹೋಗುವುದು ಮಾಮಾನ ಅಂಗಡಿಗೆ. ಪ್ರತಿ ಊರಿನ ಕ್ರಾಸಿನಲ್ಲೂ ಒಬ್ಬ ಮಾಮಾ ಇರುತ್ತಾನೆ. ಹಳೆ ಟೈರು ಜೋತುಬಿಟ್ಟದ್ದೇ ಬೋರ್ಡು. ಅವನ ಕೆಲಸವನ್ನು ಮೊಬೈಲು ಜೇಬಿಗಿಟ್ಟು ನೋಡಬೇಕು. ಲಿವರ್ ಹಾಕಿ ಟೈರಿನ ಒಂದು ಅಂಚು ಎಬ್ಬಿಸುತ್ತಾನೆ, ಟ್ಯೂಬು ಎಳೆಯುತ್ತಾನೆ, ಗಾಳಿ ತುಂಬಿ ಬೋಗುಣಿಯ ನೀರಿನಲ್ಲಿ ಇಂಚಿಂಚೇ ಅದ್ದುತ್ತಾನೆ. ಬುಳುಬುಳು ಎದ್ದಲ್ಲಿ ಕಡ್ಡಿಯಿಂದ ಗುರುತು. ಒರೆಸಿ, ತಿಕ್ಕಿ, ಸೊಲ್ಯೂಷನ್ ಹಚ್ಚಿ, ಒಣಗಲು ಬಿಡುತ್ತಾನೆ. ಗಿರಾಕಿಗೆ ಅವಸರ: “ಮಾಮಾ, ಪ್ಯಾಚ್ ಹಚ್ಚಿಬಿಡ್ರಿ, ಲೇಟಾಕ್ಕೈತಿ.” ಮಾಮಾ ಕೇಳಿಸಿಕೊಳ್ಳದವನ ಹಾಗೆ ಒಂದು ಹಳೆ ಬನಿಯನ್ ಚೂರು ತೆಗೆದುಕೊಂಡು ಟೈರಿನ ಒಳಮೈಯನ್ನು ಸುತ್ತಲೂ ಒರೆಸುತ್ತ ಬರುತ್ತಾನೆ. ಅರ್ಧ ಸುತ್ತು ಬಂದಾಗ ಬಟ್ಟೆಯ ಎಳೆ ತಟಕ್ಕನೆ ಸಿಕ್ಕಿಕೊಳ್ಳುತ್ತದೆ. ಹೊರಗಡೆ ಏನೂ ಕಾಣುವುದಿಲ್ಲ, ಮುಳ್ಳಿನ ಬುಡ ಮುರಿದು ಹೋಗಿದೆ. ಒಳಗಡೆ ಮಾತ್ರ ಎಳ್ಳುಕಾಳಿನಷ್ಟು ತುದಿ. ಇಕ್ಕಳದಿಂದ ಕಿತ್ತು ಅಂಗೈಯಲ್ಲಿಟ್ಟು ತೋರಿಸುತ್ತಾನೆ: “ಇದನ್ನ ಬಿಟ್ಟು ಪ್ಯಾಚ್ ಹಚ್ಚಿದ್ರ ಅಮೀನಗಡ ಮುಟ್ಟೂದ್ರೊಳಗ ಮತ್ತ ಪಂಚರ್ ರೀ ಸರ. ಆಮ್ಯಾಲ ಪ್ಯಾಚ್ ಸುಮಾರ ಇತ್ತು ಅಂತ ನನಗ ಬೈತೀರಿ.”

ಟೈರಿನ ಒಳಮೈ ಮೇಲೆ ಬಟ್ಟೆ ಆಡಿಸುವ ಈ ಒಂದು ನಿಮಿಷಕ್ಕೆ ಯಾವ ಕಂಪನಿಯೂ ಜಾಹೀರಾತು ಕೊಡುವುದಿಲ್ಲ. ಬಟ್ಟೆ ಮಾರಾಟಕ್ಕಿಲ್ಲವಲ್ಲ!

ಅದೇ ಮಾಮಾ ಇನ್ನೊಂದು ಸತ್ಯ ಹೇಳುತ್ತಾನೆ. ಅವನಲ್ಲಿಗೆ ಬರುವ ಪಂಚರುಗಳಲ್ಲಿ ಹೆಚ್ಚಿನವು ಹಿಂದಿನ ಗಾಲಿಯವು. ನೆಲಕ್ಕೆ ಅಡ್ಡ ಮಲಗಿದ ಮೊಳೆಯನ್ನು ಮುಂದಿನ ಗಾಲಿ ತುಳಿದು ಎಬ್ಬಿಸುತ್ತದೆ. ಅದು ಎದ್ದು ನೆಟ್ಟಗಾಗುವ ಹೊತ್ತಿಗೆ ಹಿಂದಿನ ಗಾಲಿ ಬಂದು ಚುಚ್ಚಿಸಿಕೊಳ್ಳುತ್ತದೆ. ಅಣ್ಣ ಜಗಳ ಎಬ್ಬಿಸಿ ಹೋದ ಮೇಲೆ ತಮ್ಮ ಬಂದು ಪೆಟ್ಟು ತಿಂದ ಹಾಗೆ. ಮೇಲಾಗಿ ಭಾರವೂ ತಮ್ಮನ ಮೇಲೆಯೇ, ಸವೆಯುವುದೂ ತಮ್ಮನೇ. ಆದ್ದರಿಂದ ಹೊಸ ಟೈರು ಹಾಕಿಸುವ ಮನಸ್ಸಿದ್ದರೆ ಹಿಂದಿನದರ ಗುಂಡಿಗಳು ಎಷ್ಟು ಸವೆದಿವೆ ಎಂದು ಮೊದಲು ನೋಡಿ. “ಇನ್ನೊಂದು ಸೀಜನ್ ಓಡತೈತಿ ಬಿಡ್ರಿ” ಎನ್ನುವ ಬೋಳು ಟೈರು ಆ ಸೀಜನ್ನಿನ ತುಂಬ ನಿಮ್ಮನ್ನು ತಳ್ಳಿಸಿಕೊಂಡೇ ಓಡುತ್ತದೆ.

ಬಾದಾಮಿಗೆ ಬನ್ನಿ. ಇಲ್ಲಿ ಕಥೆಯೇ ಬೇರೆ. ಕೆಂಪು ಮರಳುಗಲ್ಲಿನ ಬೆಟ್ಟ. ಮೂರನೆಯ ಗುಹೆಯಲ್ಲಿ ಕ್ರಿ.ಶ. 578ರ ಶಾಸನ ಇನ್ನೂ ಓದಲು ಬರುವಷ್ಟು ನೆಟ್ಟಗಿದೆ. ಅಂಥ ಕಲ್ಲು ನಿಮ್ಮ ರಿಮ್ಮಿಗೆ ಸೋಲುತ್ತದೆಯೇ? ಮಹಾಕೂಟದ ಕಡೆಯೋ ಪಟ್ಟದಕಲ್ಲಿನ ಕಡೆಯೋ ಕಾಲುದಾರಿ ಹಿಡಿದವರಿಗೆ ಇಲ್ಲಿ ಮುಳ್ಳಿಗಿಂತ ಕಲ್ಲಿನ ಏಣೇ ಕಾಟ. (ಸ್ಮಾರಕಗಳ ಮೆಟ್ಟಿಲು ಆಫ್‌ರೋಡ್ ಅಲ್ಲ ಎಂದು ಬೇರೆ ಹೇಳಬೇಕಿಲ್ಲ ಅಂದುಕೊಂಡಿದ್ದೇನೆ. ಹೇಳಬೇಕಾದವರು ಇದನ್ನು ಓದುವವರಲ್ಲ.)

ಇಂಟರ್ನೆಟ್ಟಿನಲ್ಲಿ ಯಾರೋ ಹೇಳಿರುತ್ತಾರೆ: ಮಣ್ಣಿಗಿಳಿಯುವಾಗ ಗಾಳಿ ಇಳಿಸಬೇಕು, ಹಿಡಿತ ಚೆನ್ನಾಗಿ ಬರುತ್ತದೆ. ಸುಳ್ಳಲ್ಲ. ಮರಳಿನಲ್ಲಿ, ರಾಡಿಯಲ್ಲಿ 18–20 ಪಿಎಸ್‌ಐಗೆ ಇಳಿಸಿದರೆ ಟೈರು ಅಗಲವಾಗಿ ನೆಲ ಕಚ್ಚುತ್ತದೆ. ಆದರೆ ಮಲಪ್ರಭೆಯ ಮರಳಿಗೆಂದು ಇಳಿಸಿದ ಗಾಳಿಯಲ್ಲೇ ಬಾದಾಮಿಯ ಕಲ್ಲು ಹತ್ತಿದರೆ ಏನಾಗುತ್ತದೆ? ಏಣು ಬಡಿದ ಕೂಡಲೇ ಮೆತ್ತಗಾದ ಟೈರು ರಿಮ್ಮಿನ ತನಕ ಒತ್ತಿಹೋಗಿ, ನಡುವೆ ಸಿಕ್ಕ ಟ್ಯೂಬು ಅಡಕೊತ್ತಿನಲ್ಲಿ ಸಿಕ್ಕ ಅಡಿಕೆಯ ಗತಿ ಕಾಣುತ್ತದೆ. ಟ್ಯೂಬು ತೆಗೆದು ನೋಡಿದರೆ ಎದುರುಬದುರು ಎರಡು ಸೀಳು. ಮಾಮಾ ಅದನ್ನು ನೋಡಿದವನೇ ಮುಳ್ಳು ಹುಡುಕುವುದನ್ನು ಬಿಟ್ಟು ನಿಮ್ಮ ಮುಖ ನೋಡುತ್ತಾನೆ: “ಗಾಳಿ ಎಷ್ಟ ಇಟ್ಟಿದ್ರಿ?” ಕಳ್ಳ ಸಿಕ್ಕಿಬಿದ್ದ.

ಹೀಗಾಗಿ ಕಲ್ಲಿನ ಸೀಮೆಯಲ್ಲಿ ಕಂಪನಿ ಹೇಳಿದಷ್ಟು ಗಾಳಿ ಇರಲಿ. ಇಂಥ ಗಾಡಿಗಳಿಗೆ ಸಾಮಾನ್ಯವಾಗಿ ಮುಂದೆ 25, ಹಿಂದೆ 30ರ ಆಸುಪಾಸು. ಸರಿಯಾದ ಅಂಕಿ ಗಾಡಿಯ ಮೇಲೆ ಅಂಟಿಸಿದ ಚೀಟಿಯಲ್ಲೋ ಪುಸ್ತಕದಲ್ಲೋ ಇರುತ್ತದೆ. ಆ ಚೀಟಿಯ ಮೇಲೆ ‘ಜೈ ಶ್ರೀ ಬನಶಂಕರಿ’ ಸ್ಟಿಕರ್ ಹಚ್ಚಿರುವವರು ಮೆಲ್ಲಗೆ ಕಿತ್ತು ನೋಡಿ, ದೇವಿ ಬೇಜಾರಾಗುವುದಿಲ್ಲ. ಗಾಳಿಯನ್ನು ಬೆಳಿಗ್ಗೆ ತಣ್ಣಗಿದ್ದಾಗ ಅಳೆಯಬೇಕು. ಏಪ್ರಿಲ್ಲಿನ ಬಿಸಿಲಿನಲ್ಲಿ ಓಡಿಸಿ ಬಂದು ಅಳೆದರೆ ಕಾದ ಗಾಳಿ ಹೆಚ್ಚು ತೋರಿಸುತ್ತದೆ. “ಅಯ್ಯೋ ಜಾಸ್ತಿ ಆಗೈತಿ” ಎಂದು ಬಿಟ್ಟಿರೋ, ಸಂಜೆಗೆ ಟೈರು ಪಿಚಕ್. ಪೆನ್ನಿನಷ್ಟಿರುವ ಒಂದು ಮೀಟರು ಕಿಸೆಯಲ್ಲಿಟ್ಟುಕೊಳ್ಳಿ. ಟೈರಿಗೆ ಕಾಲಿನಿಂದ ಒದ್ದು “ಬರೋಬರ್ ಐತಿ” ಎನ್ನುವ ವಿದ್ಯೆ ನಮ್ಮ ಜಿಲ್ಲೆಯಲ್ಲಿ ಎಲ್ಲರಿಗೂ ಹುಟ್ಟಿನಿಂದ ಬಂದಿದೆ. ಅದು ಒದೆಯುವವನ ಚಪ್ಪಲಿಯ ಗಟ್ಟಿತನ ಹೇಳುತ್ತದೆಯೇ ಹೊರತು ಟೈರಿನದಲ್ಲ.

ಗಾಳಿ ಇಳಿಸಲೇಬೇಕಾದವರಿಗೆ ರಿಮ್ ಲಾಕ್ ಎಂಬುದೊಂದಿದೆ. ಮೆತ್ತಗಿನ ಟೈರು ಬ್ರೇಕು ಹಾಕಿದಾಗ, ಎಕ್ಸಿಲೇಟರ್ ಕೊಟ್ಟಾಗ ರಿಮ್ಮಿನ ಮೇಲೆ ಜಾರುತ್ತದೆ, ಜೊತೆಗೆ ಟ್ಯೂಬನ್ನೂ ಎಳೆಯುತ್ತದೆ, ವಾಲ್ವ್ ಬುಡದಲ್ಲಿ ಹರಿಯುತ್ತದೆ. ಆ ಹರಿದದ್ದಕ್ಕೆ ಪ್ಯಾಚಿಲ್ಲ, ಟ್ಯೂಬೇ ಹೊಸದು. ರಿಮ್ ಲಾಕ್ ಟೈರಿನ ಅಂಚನ್ನು ರಿಮ್ಮಿಗೆ ಅದುಮಿ ಹಿಡಿಯುತ್ತದೆ. ಅದಿಲ್ಲದವರಿಗೊಂದು ಪುಕ್ಕಟೆ ಉಪಾಯ: ವಾಲ್ವಿನ ಮೇಲಿನ ಪುಟ್ಟ ನಟ್ಟನ್ನು ರಿಮ್ಮಿಗೆ ಬಿಗಿಯಬೇಡಿ, ಮೇಲಕ್ಕೆ ತಿರುಗಿಸಿ ಕ್ಯಾಪಿಗೆ ತಾಗಿಸಿಡಿ. ಟೈರು ಜಾರಿದರೆ ವಾಲ್ವ್ ಓರೆಯಾಗಿ ನಿಂತು ನಿಮಗೆ ಮೊದಲೇ ಸುದ್ದಿ ಕೊಡುತ್ತದೆ. ಬಿಗಿದಿಟ್ಟರೆ ಸುದ್ದಿ ಕೊಡದೆ ನೇರವಾಗಿ ಹರಿಯುತ್ತದೆ. ಹಾಂ, ಕ್ಯಾಪು ಇದ್ದರೆ ಮಾತ್ರ. ನಮ್ಮ ಊರುಗಳಲ್ಲಿ ವಾಲ್ವ್ ಕ್ಯಾಪು ಒಬ್ಬರ ಗಾಡಿಯಿಂದ ಇನ್ನೊಬ್ಬರ ಗಾಡಿಗೆ ರಾತ್ರೋರಾತ್ರಿ ವರ್ಗವಾಗುವುದು ಮಾಮೂಲು.

ಇಳಕಲ್ಲಿನ ಕಲ್ಲಿಗೆ ಬೇರೆಯೇ ಗುಣ. ಬಾದಾಮಿಯದು ಮರಳುಗಲ್ಲು, ಇಳಕಲ್ಲಿನದು ಕೆಂಪು ಗ್ರಾನೈಟು. ದೇಶದ ಯಾವ್ಯಾವುದೋ ಬಂಗಲೆಯ ನೆಲವಾಗಿ ಹೊಳೆಯುವ ಕಲ್ಲು. ಹೊಳೆಯುವ ಭಾಗ ಬಂಗಲೆಗೆ ಹೋದರೆ ಒಡೆದ ಚೂರು ಊರಿಗೇ ಉಳಿಯುತ್ತದೆ. ಕ್ವಾರಿ ಕಡೆಯ ಕಚ್ಚಾ ದಾರಿಗಳಲ್ಲಿ ಆ ಚೂರುಗಳ ಅಂಚು ಗಾಜಿನಂತಿರುತ್ತದೆ. ಅದು ಟೈರಿನ ತಳ ಚುಚ್ಚುವುದಕ್ಕಿಂತ ಪಕ್ಕೆ ಸೀಳುತ್ತದೆ. ಪಕ್ಕೆ ಎಂದರೆ ಟೈರಿನ ತೆಳು ಭಾಗ. ಇಳಕಲ್ಲೆಂದರೆ ಸೀರೆಯ ಊರೂ ಹೌದು, ಇಲ್ಲಿ ನೇಕಾರರಿಗೆ ಟೈರಿನ ಪಾಠ ಹೇಳಲು ಹೋಗಬೇಡಿ, ಅವರೇ ನಿಮಗೆ ಹೇಳುತ್ತಾರೆ. ಟೈರಿನ ಒಳಗಿರುವುದೂ ನೂಲೇ. ನೈಲಾನ್ ಎಳೆಗಳ ಪದರದ ಮೇಲೆ ರಬ್ಬರು ಬಳಿದದ್ದು ಟೈರು, ಗಾಳಿಯ ಒತ್ತಡ ತಡೆಯುವುದು ರಬ್ಬರಲ್ಲ, ಆ ಎಳೆ. ಸೀಳು ಎಳೆಯ ತನಕ ಹೋಗಿದ್ದರೆ ಯಾವ ಪ್ಯಾಚೂ ಸುಳ್ಳು. “ಹಾಸಿನ ಎಳಿ ಕಡದೈತ್ರೀ, ಇನ್ನೇನ್ ನೇಯ್ತೀರಿ?” ಎಂದು ಮಗ್ಗದ ಮುಂದಿನಿಂದ ಎದ್ದು ಬಂದವರು ಒಂದೇ ಮಾತಿನಲ್ಲಿ ತೀರ್ಪು ಕೊಡುತ್ತಾರೆ. 2,000 ರೂಪಾಯಿ ಉಳಿಸಲು ಸೀಳಿದ ಪಕ್ಕೆಯ ಟೈರಿನಲ್ಲಿ ಹೆದ್ದಾರಿ ಹತ್ತುವವರು ಮನೆಯವರಿಗೆ ತೋಪು ತೆನೆ ಸೆರಗಿನ ಸೀರೆಯೊಂದನ್ನು ಈಗಲೇ ಕೊಡಿಸಿ ಋಣ ತೀರಿಸಿಕೊಳ್ಳುವುದು ಒಳ್ಳೆಯದು.

ಕೊನೆಗೆ ಬಾಗಲಕೋಟೆ. ಆಲಮಟ್ಟಿಯ ಹಿನ್ನೀರಿಗೆ ಅರ್ಧ ಊರು ಕೊಟ್ಟು ನವನಗರ ಕಟ್ಟಿಕೊಂಡವರು ನಾವು. ಬೇಸಿಗೆಯಲ್ಲಿ ನೀರು ಸರಿದಾಗ ಮುಳುಗಡೆಯಾದ ಊರುಗಳ ದಂಡೆ ಬಯಲಾಗುತ್ತದೆ, ಬೈಕಿನವರಿಗೆ ಹಬ್ಬ. ಆದರೆ ಅದು ಒಂದು ಕಾಲಕ್ಕೆ ಜನ ಬಾಳಿದ ನೆಲ. ಬಾಗಿಲು ಚೌಕಟ್ಟು ಕಿತ್ತೊಯ್ದವರು ಮೊಳೆ ಆರಿಸಿಕೊಂಡು ಹೋಗಲಿಲ್ಲ. ಇತ್ತ ನವನಗರದಲ್ಲಿ ಮನೆ ಕಟ್ಟುತ್ತಲೇ ಇದ್ದಾರೆ, ಸೆಂಟ್ರಿಂಗ್ ಮೊಳೆ, ಬೈಂಡಿಂಗ್ ತಂತಿ ರಸ್ತೆಯ ತುಂಬ. ಬನಶಂಕರಿ ಜಾತ್ರೆಯ ಹೊತ್ತಿಗೆ ಚಕ್ಕಡಿಗಳು ಸಾಲುಗಟ್ಟಿದವೆಂದರೆ ಎತ್ತಿನ ನಾಲಿನ ಮೊಳೆಯೂ ಸೇರುತ್ತದೆ. ಇದರಲ್ಲೊಂದು ನ್ಯಾಯ ಇದೆ. ಗಾಳಿ ತುಂಬಿದ ಟೈರಿಗೆ 1888ರಲ್ಲಿ ಪೇಟೆಂಟ್ ಪಡೆದ ಜಾನ್ ಬಾಯ್ಡ್ ಡನ್‌ಲಪ್ ವೃತ್ತಿಯಿಂದ ದನದ ಡಾಕ್ಟರು. ಬೆಲ್‌ಫಾಸ್ಟ್‌ನಲ್ಲಿ ದನಕರುಗಳಿಗೆ ಮದ್ದು ಕೊಡುವುದರ ನಡುವೆ ಮಗನ ಮೂರುಗಾಲಿ ಸೈಕಲ್ಲಿಗೆಂದು ಮಾಡಿದ್ದು ಆ ಟೈರು. ಡಾಕ್ಟರು ತಮ್ಮ ಕಸುಬು ಬಿಟ್ಟು ಟೈರಿನ ಹಿಂದೆ ಬಿದ್ದದ್ದಕ್ಕೆ ನಮ್ಮ ಎತ್ತುಗಳು ಇನ್ನೂ ನಾಲು ಉದುರಿಸಿ ಸೇಡು ತೀರಿಸಿಕೊಳ್ಳುತ್ತಿವೆ.

ಪಂಚರಿನ ಮದ್ದಿನಂಗಡಿಯೂ ಬಾಗಲಕೋಟೆಯಲ್ಲೇ. “ಲಿಕ್ವಿಡ್ ಹಾಕ್ಸಿಬಿಡ್ರಿ, ಜೀವನಪರ್ಯಂತ ಪಂಚರ್ ಇಲ್ಲ” ಎಂದು ಬಾಟಲಿ ಅಲುಗಾಡಿಸುತ್ತಾರೆ. ಅದರೊಳಗೆ ನಾರು, ರಬ್ಬರ್ ಪುಡಿ ಕಲೆಸಿದ ದ್ರವ ಇರುತ್ತದೆ. ಗಾಲಿ ತಿರುಗಿದಾಗ ಒಳಗೆಲ್ಲ ಹರಡಿ, ತೂತಾದಲ್ಲಿ ಹೊರನುಗ್ಗುವ ಗಾಳಿಯೊಂದಿಗೆ ನಾರು ಹೋಗಿ ಸಿಕ್ಕಿ ಬಿರಡೆಯಾಗುತ್ತದೆ. ಟ್ಯೂಬ್‌ಲೆಸ್‌ನಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಟ್ಯೂಬಿನಲ್ಲೂ ಸಣ್ಣ ಜಾಲಿಮುಳ್ಳಿಗೆ ಪರವಾಗಿಲ್ಲ. ಆದರೆ ಮೊಳೆ ಚುಚ್ಚಿಕೊಂಡು ನಾಲ್ಕು ಸುತ್ತು ತಿರುಗಿದರೆ ಟ್ಯೂಬು ಹಿಗ್ಗಿ ಹರಿಯುತ್ತದೆ, ಕಲ್ಲಿನ ಎರಡು ಸೀಳಿಗಂತೂ ಲಿಕ್ವಿಡ್ ಕೈಮುಗಿಯುತ್ತದೆ. ಆಮೇಲೆ ಮಾಮಾನ ಹತ್ತಿರ ಹೋದರೆ ಟ್ಯೂಬು ತೆಗೆದ ಕೂಡಲೇ ಹಸಿರು ಲೋಳೆ ಮುಖಕ್ಕೆ ಸಿಡಿಯುತ್ತದೆ. ಆ ಲೋಳೆಯ ಮೇಲೆ ಪ್ಯಾಚು ಹಿಡಿಯುವುದಿಲ್ಲ. ಅವನು ಆಗ ಆಡುವ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ.

ಇನ್ನೊಂದು ಮದ್ದು ದಪ್ಪ ಟ್ಯೂಬು. ಮಾಮೂಲಿಗಿಂತ ಎರಡು ಮೂರು ಪಟ್ಟು ದಪ್ಪ, ನಾಲ್ಕು ಮಿಲಿಮೀಟರಿನದೂ ಸಿಗುತ್ತದೆ. ತೂಕ ಹೆಚ್ಚು, ಹೆದ್ದಾರಿಯಲ್ಲಿ ಬೇಗ ಕಾಯುತ್ತದೆ, ಕೂರಿಸುವಾಗ ಮಾಮಾನ ಹೆಬ್ಬೆರಳು ಕೆಂಪಗಾಗುತ್ತದೆ. ಆದರೂ ನಮ್ಮ ಮುಳ್ಳು, ಕಲ್ಲು ಎರಡಕ್ಕೂ ಇದ್ದುದರಲ್ಲಿ ಪ್ರಾಮಾಣಿಕ ಮದ್ದು ಇದೇ. ಕೂರಿಸುವ ಮುಂಚೆ ಟ್ಯೂಬಿಗೆ ಪೌಡರು ಸವರಬೇಕು, ರಿಮ್ಮಿನೊಳಗೆ ಕಡ್ಡಿಯ ತುದಿಗಳನ್ನು ಮುಚ್ಚುವ ರಬ್ಬರ್ ಪಟ್ಟಿ ನೆಟ್ಟಗಿದೆಯೇ ನೋಡಬೇಕು. ಇಲ್ಲದಿದ್ದರೆ ಹೊರಗಿನ ವೈರಿ ಬೇಡ, ಮನೆಯೊಳಗಿನ ಕಡ್ಡಿಯೇ ಸಾಕು.

ಬಡವರ ಮದ್ದೂ ಉಂಟು: ಹಳೆ ಟ್ಯೂಬನ್ನು ಸೀಳಿ ಟೈರು ಮತ್ತು ಹೊಸ ಟ್ಯೂಬಿನ ನಡುವೆ ಹಾಸುವುದು. ನಿಧಾನವಾಗಿ ಹೊಲಕ್ಕೆ ಹೋಗಿಬರುವ ಗಾಡಿಗೆ ನಡೆಯುತ್ತದೆ. ಜೋರಾಗಿ ಓಡಿಸುವವರಿಗೆ ಆ ಹಾಸಿನ ಅಂಚೇ ತಿಕ್ಕಿ ತಿಕ್ಕಿ ಟ್ಯೂಬು ತೂತು ಮಾಡುತ್ತದೆ. ಶ್ರೀಮಂತರ ಮದ್ದೆಂದರೆ ಮೂಸ್. 2015ರಲ್ಲಿ ಬೆಂಗಳೂರಿನ ಸಿ. ಎಸ್. ಸಂತೋಷ್ ಮುಗಿಸಿದ ಡಕಾರ್ ರ್‍ಯಾಲಿಯಂಥ ಕಡೆ ಬೈಕಿನವರು ಟೈರಿನೊಳಗೆ ಗಾಳಿಯ ಬದಲು ಗಟ್ಟಿ ರಬ್ಬರ್ ನೊರೆಯ ಬಳೆ ತುಂಬುತ್ತಾರೆ. ಗಾಳಿಯೇ ಇಲ್ಲ, ಇನ್ನು ಪಂಚರ್ ಎಲ್ಲಿಯದು? ಆದರೆ ಅದು ಕಾದು ಕರಗುತ್ತ ಬೇಗ ಸವೆಯುತ್ತದೆ, ಡಾಂಬರು ರಸ್ತೆಗೆ ಹೇಳಿದ್ದಲ್ಲ. ಡಕಾರಿಗೆ ಹೋಗುವವರು ಹಾಕಿಸಿಕೊಳ್ಳಲಿ. ಐಹೊಳೆಗೆ ಹೋಗಿ ಅಮೀನಗಡದ ಕರದಂಟು ಕಟ್ಟಿಸಿಕೊಂಡು ಬರುವವರಿಗೆ ಗಾಳಿ ಸಾಕು.

ಇಷ್ಟೆಲ್ಲ ಕೇಳಿದ ಮೇಲೂ ನಮ್ಮವರಲ್ಲಿ ಒಂದು ಚಟ ಮಾತ್ರ ಹೋಗುವುದಿಲ್ಲ: “ಇರಲಿ ಬಿಡು, ಬಂದ ಮ್ಯಾಲ ಗಾಳಿ ನೋಡಿದ್ರಾತು.” ಈ ಒಂದು ಮಾತಿಗೆ ಆಗಿರುವಷ್ಟು ಪಂಚರ್ ಜಾಲಿಗೂ ಆಗಿಲ್ಲ, ಗ್ರಾನೈಟಿಗೂ ಆಗಿಲ್ಲ. ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಊರೂರು ತಿರುಗಿ ಜನರ ಚಟಗಳನ್ನೇ ಭಿಕ್ಷೆಯಾಗಿ ಬೇಡಿದವರು. ಅವರು ಹುಟ್ಟಿದ ಆಗಸ್ಟ್ 1 ಈಗ ವ್ಯಸನಮುಕ್ತ ದಿನ. ಬೀಡಿ, ಗುಟ್ಕಾ, ಸೆರೆಯ ಜೊತೆಗೆ ಈ ಚಟವನ್ನೂ ಆ ಜೋಳಿಗೆಗೆ ಹಾಕಿಬಿಡಬೇಕು ಎಂದು ಕ್ರಾಸಿನ ಮಾಮಾನ ಮುಂದೆ ಭಾಷಣ ಬಿಗಿದೆ.

ಮಾಮಾ ಬೋಗುಣಿಯಿಂದ ಕೈ ತೆಗೆದು ಗಾಬರಿಯಿಂದ ನೋಡಿದ. “ಎಲ್ಲಾರೂ ಚಟ ಬಿಟ್ಟುಬಿಟ್ರ ನನ್ನ ಅಂಗಡಿ ಗತಿ ಏನ್ರೀ?”

ಪಕ್ಕದಲ್ಲಿ ಸ್ಪ್ಲೆಂಡರ್ ಗಾಲಿ ಹಿಡಿದು ಸರದಿಗೆ ಕಾದಿದ್ದ ಹಿರಿಯರು ಸಮಾಧಾನ ಹೇಳಿದರು: “ನೀ ಯಾಕ ಚಿಂತಿ ಮಾಡ್ತಿ? ಅಷ್ಟು ವರ್ಷದಿಂದ ಜೋಳಿಗಿ ತಿರಗತೈತಿ. ಸೆರೆ ಅಂಗಡಿ ಮುಚ್ಯಾವೇನು?”